ಮರದ ನೆಲದಡಿಗೆ ಫೋಮ್: ಹೊಸನಗರ ಕಡೆಯ ಒಂದು ಕೋಣೆಯ ಕೆಲಸ

ನಮ್ಮದು ಹೊಸನಗರ ತಾಲ್ಲೂಕಿನ ಹಂಚಿನ ಮನೆ. ಹಿಂದೆ ಧರೆ (ಗುಡ್ಡ ಕಡಿದ ಮಣ್ಣಿನ ಗೋಡೆ), ಮುಂದೆ ಅಡಿಕೆ ತೋಟ. ಹಳೆ ಮನೆಗೆ ತಾಗಿದಂತೆ ಪಕ್ಕದಲ್ಲಿ ಒಂದು ಕೋಣೆ ಇದೆ. 16 ಅಡಿ ಉದ್ದ, 12 ಅಡಿ ಅಗಲ. ಆ ಜಾಗ ಪೂರ್ತಿ ಇಳಿಜಾರು. ಮಣ್ಣು ತುಂಬಿಸಿ ಪಂಚಾಂಗ (ಅಡಿಪಾಯ) ಕಟ್ಟಿದರೆ ನಿಲ್ಲುವುದಿಲ್ಲ ಅಂತ ಆಗ ಜಂಬಿಟ್ಟಿಗೆ ಕಂಬ ಎಬ್ಬಿಸಿ, ಮತ್ತಿ ಮರದ ಜಂತೆ ಹಾಕಿ, ಮೇಲೆ ಒಂದಿಂಚು ದಪ್ಪದ ಹಲಸಿನ ಹಲಗೆ ಹೊಡೆಸಿದ್ದರು. ಅಂಗಳದ ಹಲಸು ಗಾಳಿಗೆ ಬಿದ್ದಿತ್ತು, ಮರಕ್ಕೆ ದುಡ್ಡು ಕೊಡಬೇಕಿರಲಿಲ್ಲ. ಹಾಗಾಗಿ ನೆಲದಡಿ ಪೊಳ್ಳು. ತೋಟದ ಕಡೆ ಮೂರೂವರೆ ಅಡಿ ಎತ್ತರ ಇದೆ, ಕೂತು ಹೋಗಬಹುದು. ಧರೆ ಕಡೆ ಬರೀ 16 ಇಂಚು, ಮಲಗಿಕೊಂಡೇ ತೆವಳಬೇಕು.

ಅಪ್ಪಯ್ಯ ಮಲಗುವುದು ಆ ಕೋಣೆಯಲ್ಲಿ. ಜೂನ್ ಕಳೆಯಿತು ಅಂದರೆ ನೆಲದಿಂದ ಶೀತ ಏಳುತ್ತದೆ. ಚಾಪೆ ಹಾಸಿದರೆ ನಾಲ್ಕೇ ದಿನಕ್ಕೆ ಅಡಿಯಲ್ಲಿ ಬೂಷ್ಟು. ಕಪಾಟಿನ ಕೆಳಗಿನ ಅರೆಯಲ್ಲಿಟ್ಟ ಪಂಚೆಗೆಲ್ಲ ಮುಗ್ಗಲು ವಾಸನೆ. ಹಲಗೆ ಸಂದಿಯಿಂದ ಕಾಲಿಗೆ ತಣ್ಣನೆ ಗಾಳಿ ಬೇರೆ.

ಇದಕ್ಕೆ ಹಲಗೆಯ ಕೆಳಮೈಗೆ ಸ್ಪ್ರೇ ಫೋಮ್ ಹೊಡೆಸಿದೆವು. ದ್ರವವಾಗಿ ಹೊಡೆದದ್ದು ಉಬ್ಬಿ ಗಟ್ಟಿಯಾಗಿ, ಶೀತ, ಗಾಳಿ ತಡೆಯುವ ಪದರ ಆಗುತ್ತದೆ. ಈಗ ಒಂದು ಪೂರ್ತಿ ಮಳೆಗಾಲ ದಾಟಿದೆ. ಫೋಮ್ ಹೊಡೆಯುವುದು ಅರ್ಧ ದಿನದ ಕೆಲಸ. ಅದಕ್ಕೆ ಮುಂಚಿನ ತಯಾರಿಗೆ ಬೇಸಿಗೆ ಪೂರ್ತಿ ಹೋಯಿತು. ಆದ್ದರಿಂದ ಇಲ್ಲೂ ಫೋಮ್ ಬರುವುದು ತಡವೇ.

ಪುನರ್ವಸು ಮಳೆ: ಅಳತೆ

ಮೊದಲು 1,150 ರೂಪಾಯಿ ಕೊಟ್ಟು ಎರಡು ಮುಳ್ಳಿನ ತೇವಾಂಶ ಮೀಟರ್ ತರಿಸಿದೆ. ಹಲಗೆಗೆ ಚುಚ್ಚಿದರೆ ಮರದಲ್ಲಿ ಶೇಕಡ ಎಷ್ಟು ನೀರಿದೆ ಅಂತ ತೋರಿಸುತ್ತದೆ. ಇಂಥ ಅಗ್ಗದ ಮೀಟರಿನ ಅಂಕಿಯನ್ನು ಹಾಗೇ ನಂಬಬೇಡಿ. ಆದರೆ ಅದೇ ಮೀಟರಿನಲ್ಲಿ, ಅದೇ ಜಾಗಕ್ಕೆ, ಬೇರೆ ಬೇರೆ ತಿಂಗಳಲ್ಲಿ ಚುಚ್ಚಿ ನೋಡಿದರೆ ಏರಿದೆಯೋ ಇಳಿದಿದೆಯೋ ಅನ್ನುವುದು ಸರಿಯಾಗಿಯೇ ಗೊತ್ತಾಗುತ್ತದೆ. ಹಲಗೆ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕಿಟ್ಟುಕೊಂಡೆ.

ಜುಲೈನಲ್ಲಿ ಕೋಣೆ ನಡುವೆ 23, ತೋಟದ ಕಡೆ 21, ಮಂಚದ ಕೆಳಗೆ 26, ಧರೆ ಕಡೆ ಗೋಡೆ ಬುಡದಲ್ಲಿ 27. ಮರ 20ರ ಒಳಗಿದ್ದರೆ ತಲೆಬಿಸಿ ಇಲ್ಲ. 28, 30 ಅಂತ ಹೋಗಿ ಅಲ್ಲೇ ನಿಂತುಬಿಟ್ಟರೆ ಕೊಳೆಯುವುದಕ್ಕೆ ಶುರು. ಹಲಗೆಗಳ ಅಂಚು ಮೇಲೆದ್ದು ನಡು ತಗ್ಗಾಗಿತ್ತು. ಕೆಳಮೈ ಜಾಸ್ತಿ ನೀರು ಕುಡಿದರೆ ಹಲಗೆ ಹೀಗೇ ಬಗ್ಗುವುದು. ಅಂದರೆ ನೀರು ಬರುತ್ತಿದ್ದದ್ದು ಮಾಡಿನಿಂದ ಅಲ್ಲ, ಕೆಳಗಿನಿಂದ.

ತಲೆಗೆ ಟಾರ್ಚ್ ಕಟ್ಟಿಕೊಂಡು, ಹಾವು ಇಲ್ಲ ಅಂತ ಕೋಲಿನಲ್ಲಿ ತಟ್ಟಿ ನೋಡಿ, ಅಡಿಗೆ ತೆವಳಿದೆ. ಇಂಬಳ ಹತ್ತಿದ್ದು ಬಿಡಿ, ಅದನ್ನೆಲ್ಲ ಬರೆಯುತ್ತಾ ಕೂತರೆ ಮುಗಿಯುವುದಿಲ್ಲ. ಧರೆ ಕಡೆ ನೆಲದಲ್ಲಿ ಜಲ ಎದ್ದಿತ್ತು. ಅಂಗೈ ಊರಿ ಎತ್ತಿದರೆ ಆ ಅಚ್ಚಿನಲ್ಲಿ ನಿಧಾನಕ್ಕೆ ನೀರು ತುಂಬಿಕೊಳ್ಳುತ್ತಿತ್ತು. ಹಲಗೆಯ ಕೆಳಮೈಯಲ್ಲಿ ಸಣ್ಣ ಹನಿ. ಜಂತೆಗೆ ಬಿಳಿ ಬೂಷ್ಟು. ಸೂರಿನ ನೀರು ಧರೆ ಮತ್ತು ಕೋಣೆ ನಡುವಿನ ಐದಡಿ ಜಾಗದಲ್ಲಿ ಬಿದ್ದು, ಅಲ್ಲಿಂದ ಸೀದಾ ಕೋಣೆ ಅಡಿಗೇ ಇಳಿಯುತ್ತಿತ್ತು. ಆ ಸ್ಥಿತಿಯಲ್ಲಿ ಫೋಮ್ ಹೊಡೆದಿದ್ದರೆ ದುಡ್ಡನ್ನು ಕೆಸರಿಗೆ ಹಾಕಿದ ಹಾಗೇ.

ಆಗಸ್ಟ್: ಕ್ಯಾನ್ ಫೋಮ್

ಅಂಗಡಿಯಲ್ಲಿ ಸಿಗುವ 750 ಎಂಎಲ್ ಕ್ಯಾನ್ ಫೋಮಿನಲ್ಲೇ ಮುಗಿಸಬಹುದಾ ಅಂತ ನೋಡಿದ್ದೂ ಆಯಿತು. ಕ್ಯಾನಿಗೆ 480, ಗನ್ನಿಗೆ 950, ಕ್ಲೀನರಿಗೆ 350. ನಾಲ್ಕು ಕ್ಯಾನ್ ತಂದು ಒಂದು ಮೂಲೆಗೆ ಹೊಡೆದೆ.

ಈ ಕ್ಯಾನ್ ಫೋಮ್ ಗಟ್ಟಿಯಾಗುವುದು ಗಾಳಿಯ ತೇವದಿಂದ. ನಮ್ಮ ಆಗಸ್ಟಿನಲ್ಲಿ ತೇವಕ್ಕೆ ಬರವೇ? ಮೇಲ್ಮೈ ಬೇಗ ಗಟ್ಟಿಯಾಯಿತು. ಆದರೆ ದಪ್ಪಗೆ ಹೊಡೆದ ಕಡೆ ಎರಡು ದಿನ ಬಿಟ್ಟು ಕೊಯ್ದರೆ ಒಳಗೆ ಇನ್ನೂ ಅಂಟು. ತಲೆ ಮೇಲೆ ಅಗಲಕ್ಕೆ ಬಳಿಯಲು ಹೋದರೆ ಜೋತುಬಿದ್ದು ಉದುರುತ್ತದೆ. ಸಂದಿಗೆ ತುಂಬಲು ಒಳ್ಳೆಯದು, ಹಾಸಿನ ಹಾಗೆ ಹೊಡೆಯಲು ಅಲ್ಲ.

ಲೆಕ್ಕವೂ ಕೂಡಿಬರಲಿಲ್ಲ. 192 ಚದರಡಿಗೆ ಎರಡಿಂಚು ದಪ್ಪ ಅಂದರೆ 32 ಘನ ಅಡಿ, ಸುಮಾರು 900 ಲೀಟರ್ ಫೋಮ್ ಬೇಕು. ಡಬ್ಬಿ ಮೇಲೆ 45 ಲೀಟರ್ ಬರುತ್ತದೆ ಅಂತ ಬರೆದಿತ್ತು, ನನಗೆ ಸಿಕ್ಕಿದ್ದು 30ರೊಳಗೆ. ಅಂದರೆ 30ಕ್ಕೂ ಮೇಲೆ ಕ್ಯಾನ್, 15 ಸಾವಿರ ರೂಪಾಯಿ, ಆಮೇಲೂ ಪದರ ನಿಲ್ಲುವ ಖಾತ್ರಿ ಇಲ್ಲ. ಅಲ್ಲಿಗೆ ಆ ಯೋಚನೆ ಬಿಟ್ಟೆ. ಥರ್ಮಾಕೋಲ್ ಹಾಳೆ ಸಿಕ್ಕಿಸಿ ಅಂತ ಒಬ್ಬರು ಹೇಳಿದರು. ನಮ್ಮ ಕಡೆ ಥರ್ಮಾಕೋಲ್ ಅಂದರೆ ಇರುವೆಗೆ ಮನೆ ಕಟ್ಟಿಸಿಕೊಟ್ಟ ಹಾಗೆ. ಅದೂ ಬೇಡವಾಯಿತು.

ಏನು ಮಾಡುವುದು ಅನ್ನುವ ತೀರ್ಮಾನ

ಯೂಟ್ಯೂಬಿನಲ್ಲಿ ಇಂಥ ಕೆಲಸದ ವಿಡಿಯೋ ಹುಡುಕಿದರೆ ಹೆಚ್ಚುಕಮ್ಮಿ ಎಲ್ಲ ಅಮೆರಿಕದ್ದೇ. ಅಲ್ಲಿ ಮನೆಯಡಿಯ ಪೊಳ್ಳಿಗೆ ಸುತ್ತ ಗೋಡೆ ಇರುತ್ತದೆ. ಆ ಗೋಡೆಗೆ ಫೋಮ್ ಹೊಡೆದು, ನೆಲಕ್ಕೆ ದಪ್ಪ ಪ್ಲಾಸ್ಟಿಕ್ ಹಾಸಿ, ಗಾಳಿಕಿಂಡಿ ಮುಚ್ಚಿ, ತೇವ ಹೀರುವ ಮಷಿನ್ ಇಡುತ್ತಾರೆ. ಮನೆಯೊಳಗೆ ಹೀಟರ್, ಎಸಿ ಓಡುತ್ತಿರುತ್ತದೆ. ನಮ್ಮಲ್ಲಿ ಬರೀ ಕಂಬ, ಗೋಡೆಯೇ ಇಲ್ಲ, ಎಸಿಯೂ ಇಲ್ಲ. ಅದನ್ನು ಇಲ್ಲಿ ಹಾಗೇ ಮಾಡಲು ಆಗುವುದಿಲ್ಲ. ಹಲಗೆಯ ಕೆಳಮೈಗೇ ಫೋಮ್ ಹೊಡೆದು, ಅಡಿಯಲ್ಲಿ ಗಾಳಿ ಆಡಲು ಬಿಡುವುದು ಅಂತ ಮಾಡಿದೆ.

ಫೋಮಿನಲ್ಲಿ ಎರಡು ಜಾತಿ. ಓಪನ್ ಸೆಲ್ ಮೆತ್ತಗಿರುತ್ತದೆ, ಅದರ ಮೂಲಕ ನೀರಾವಿ ಓಡಾಡುತ್ತದೆ, ನೀರನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಕ್ಲೋಸ್ಡ್ ಸೆಲ್ ಗಟ್ಟಿ, ಉಗುರು ಊರಿದರೂ ಅಷ್ಟಾಗಿ ಇಳಿಯುವುದಿಲ್ಲ, ಆವಿಯನ್ನು ತಡೆಯುತ್ತದೆ. ಮಲೆನಾಡಿನ ನೆಲದಡಿಗೆ ಕ್ಲೋಸ್ಡ್ ಸೆಲ್ಲೇ ಬೇಕು. ಕೊಟೇಶನ್ ಕೇಳುವಾಗ ಡೆನ್ಸಿಟಿ ಎಷ್ಟು ಅಂತ ಕೇಳಿ. ಘನ ಮೀಟರಿಗೆ 40 ಕೆಜಿ ಆಸುಪಾಸು ಹೇಳಿದರೆ ಅದು ಗಟ್ಟಿ ಫೋಮ್.

ಜನವರಿ: ಬಸಿಗಾಲುವೆ

ಕೊಯ್ಲು ಒಂದು ಹಂತಕ್ಕೆ ಬಂದ ಮೇಲೆ ಕೆಲಸಕ್ಕೆ ಜನ ಸಿಕ್ಕರು. ಧರೆ ಮತ್ತು ಕೋಣೆ ನಡುವೆ, ಕಂಬದಿಂದ ಎರಡಡಿ ಬಿಟ್ಟು, 36 ಅಡಿ ಉದ್ದಕ್ಕೆ ಬಸಿಗಾಲುವೆ ತೆಗೆಸಿದೆ. ಒಂದೂಕಾಲು ಅಡಿ ಅಗಲ, ಎರಡಡಿ ಆಳ. ಇನ್ನೂ ಆಳ ತೆಗೆಯೋಣ ಅಂತ ಕೆಲಸದವರು ಹೇಳಿದರು. ಕಂಬದ ಬುನಾದಿ ಮೂರಡಿ ಇದೆ. ಅದರ ಪಕ್ಕದಲ್ಲೇ ಅದಕ್ಕಿಂತ ಆಳಕ್ಕೆ ಹೋದರೆ ಕಂಬವೇ ಕೂರುತ್ತದೆ. ಧರೆ ಬುಡವನ್ನಂತೂ ಮುಟ್ಟಲೇಬಾರದು. ಎರಡಡಿಗೇ ನಿಲ್ಲಿಸಿದೆ.

ಇಳುಕಲು ನೂರಕ್ಕೆ ಒಂದರ ಲೆಕ್ಕ, 36 ಅಡಿಗೆ ನಾಲ್ಕೂವರೆ ಇಂಚು. ನೀರು ತುಂಬಿದ ಟ್ಯೂಬಿನಲ್ಲಿ ಲೆವೆಲ್ ನೋಡಿಕೊಂಡೆವು. ಕಾಲುವೆಗೆ ಜಿಯೋಟೆಕ್ಸ್‌ಟೈಲ್ ಬಟ್ಟೆ (ನೀರು ಬಿಟ್ಟು ಮಣ್ಣು ತಡೆಯುವಂಥದ್ದು) ಹಾಸಿ, ಮೂರಿಂಚು ಜಲ್ಲಿ, ಅದರ ಮೇಲೆ ತೂತಿರುವ ನಾಲ್ಕಿಂಚಿನ ಪಿವಿಸಿ ಪೈಪ್, ಮತ್ತೆ ಜಲ್ಲಿ, ಕೊನೆಗೆ ಬಟ್ಟೆಯನ್ನು ಮೇಲಿಂದ ಮಡಚಿ ಮುಚ್ಚಿದ್ದು. ಪೈಪಿನ ತೂತು ಕೆಳಮುಖವಾಗಿರಬೇಕು. ನಮ್ಮ ಪ್ಲಂಬರ್ ಮೇಲ್ಮುಖ ಇಟ್ಟಿದ್ದ. "ನೀರು ಮೇಲಿಂದ ಅಲ್ವಾ ಬೀಳೋದು" ಅಂತ ಅವನ ವಾದ. ಬೀಳುವುದು ಮೇಲಿಂದಲೇ, ಆದರೆ ಕಾಲುವೆಯಲ್ಲಿ ತುಂಬಿಕೊಂಡು ಬರುವುದು ಕೆಳಗಿನಿಂದ. ತೂತು ಕೆಳಗಿದ್ದರೆ ನೀರು ಪೈಪಿನ ಬುಡ ಮುಟ್ಟುತ್ತಿದ್ದ ಹಾಗೇ ಹರಿದುಹೋಗುತ್ತದೆ. ತಿರುಗಿಸಿ ಇಡಿಸಿದೆ.

ಸೂರಿನ ನೀರು ಹಿಡಿಯಲು ತಗಡಿನ ದೋಣಿ ಕಟ್ಟಿಸಿದ್ದು ಇದೇ ಹೊತ್ತಿಗೆ. ಆ ನೀರನ್ನು ಬಸಿಗಾಲುವೆಗೆ ಬಿಡಬೇಡಿ. ಬೇರೆ ಪೈಪಿನಲ್ಲಿ ತೋಟದ ಕಪ್ಪಿಗೆ (ಅಡಿಕೆ ಸಾಲಿನ ನಡುವಿನ ಕಾಲುವೆಗೆ) ಬಿಟ್ಟೆವು.

ಫೆಬ್ರವರಿ: ನೆಲಕ್ಕೆ ಹಾಳೆ

ಅಡಿಯಲ್ಲಿದ್ದ ಹಳೆ ಸೌದೆ, ಒಡೆದ ಹಂಚು, ದಬ್ಬೆ ಚೂರು ಎಲ್ಲ ಹೊರಗೆ ಹಾಕಿದೆವು. ಮರದ ಚೂರು ಒಂದೂ ಉಳಿಯಬಾರದು, ಗೆದ್ದಲು ಅಲ್ಲಿಂದಲೇ ಶುರು ಮಾಡುವುದು. ನೆಲವನ್ನು ತೋಟದ ಕಡೆಗೆ ಇಳುಕಲಾಗಿ ಸಮ ಮಾಡಿ, 250 ಮೈಕ್ರಾನಿನ ಕಪ್ಪು ಪ್ಲಾಸ್ಟಿಕ್ ಹಾಳೆ ಹಾಸಿದೆ. ಒಂದರ ಮೇಲೊಂದು ಒಂದಡಿ ಬರಬೇಕು. ಧರೆ ಕಡೆಯ ಹಾಳೆ ಮೇಲೆ, ತೋಟದ ಕಡೆಯದು ಕೆಳಗೆ. ಹಂಚು ಹೊದಿಸುವ ಕ್ರಮವೇ. ಕಂಬದ ಸುತ್ತ ಆರಿಂಚು ಮೇಲಕ್ಕೆಳೆದು ಬ್ಯುಟೈಲ್ ಟೇಪ್ (ರಬ್ಬರಿನ ಅಂಟು ಪಟ್ಟಿ) ಸುತ್ತಿದೆ. ಸಾಮಾನ್ಯ ಪ್ಯಾಕಿಂಗ್ ಟೇಪ್ ಜಂಬಿಟ್ಟಿಗೆಗೆ ಹಿಡಿಯುವುದೇ ಇಲ್ಲ, ಧೂಳು ಉದುರಿ ಬಿಟ್ಟುಕೊಳ್ಳುತ್ತದೆ. ಬ್ಯುಟೈಲೂ ಹಿಡಿಯಬೇಕಾದರೆ ಮೊದಲು ಕಂಬಕ್ಕೆ ಸಿಮೆಂಟ್ ತಿಳಿ ಬಳಿದು ಒಣಗಿಸಬೇಕಾಯಿತು.

ಹಳೆ ಸಿಲ್ಪಾಲಿನ್ ಅಟ್ಟದ ಮೇಲೆ ಇತ್ತು. ಅದನ್ನು ಹಾಸಿದರೆ ಆಗದಾ ಅಂತ ಅಮ್ಮ ಕೇಳಿದರು. ಅಡಿಕೆ ಒಣಗಿಸಿ ಬಿಸಿಲಿಗೆ ತೂತುಬಿದ್ದಿತ್ತು. ಒಳ್ಳೆಯದಿದ್ದರೆ ಆಗುತ್ತಿತ್ತು.

ಮಾರ್ಚ್: ಮರದ ಎಣ್ಣೆ

ಇದೇ ದೊಡ್ಡ ತಲೆನೋವು. ನಮ್ಮ ಕಡೆ ಮರಕ್ಕೆ ಗೆದ್ದಲು ಬರದಿರಲಿ ಅಂತ ಗೇರುಬೀಜದ ಸಿಪ್ಪೆ ಎಣ್ಣೆ ಬಳಿಯುತ್ತಾರೆ. ಅದು ಸಿಗದಿದ್ದರೆ ಗಾಡಿಯ ಸುಟ್ಟ ಆಯಿಲ್. ನಮ್ಮ ಜಂತೆಗಳಿಗೆ ಎರಡೂ ಬಿದ್ದಿತ್ತು. ಎಣ್ಣೆ ಇರುವ ಮರಕ್ಕೆ ಫೋಮ್ ಅಂಟುವುದಿಲ್ಲ.

ಪರೀಕ್ಷೆಗೆ ಅಂತ ಒಂದೇ ಜಂತೆಯಲ್ಲಿ ಮೂರು ಕಡೆ, ಅಂಗೈಯಗಲ, ಉಳಿದಿದ್ದ ಕ್ಯಾನ್ ಫೋಮ್ ಹೊಡೆದೆ. ಒಂದು ಕಡೆ ಹಾಗೇ. ಇನ್ನೊಂದು ಕಡೆ ತಂತಿ ಬ್ರಷ್ಷಿನಲ್ಲಿ ಉಜ್ಜಿ. ಮೂರನೆಯ ಕಡೆ ಗ್ರೈಂಡರಿಗೆ ತಂತಿ ಬ್ರಷ್ ಹಾಕಿ ತಿಕ್ಕಿ, ಥಿನ್ನರ್ ಬಟ್ಟೆಯಲ್ಲಿ ಬಟ್ಟೆ ಕಪ್ಪಾಗುವುದು ನಿಲ್ಲುವ ತನಕ ಒರೆಸಿ. ಮರುದಿನ ಪುಟ್ಟಿ ಪಟ್ಟಿ ಹಾಕಿ ಎಬ್ಬಿಸಿದೆ. ಮೊದಲನೆಯದು ಪಟ್ಟಿ ತಾಗುವ ಮೊದಲೇ ಬಿಲ್ಲೆಯ ಹಾಗೆ ಕೈಗೆ ಬಂತು. ಹಿಂಬದಿ ನುಣುಪು, ಕಂದು ಎಣ್ಣೆಯ ಪಸೆ, ಮರದ ಎಳೆಗಳ ಅಚ್ಚು ಸಹ ಸರಿಯಾಗಿ ಮೂಡಿರಲಿಲ್ಲ. ಎರಡನೆಯದು ಅರ್ಧ ಬಿಟ್ಟಿತು. ಮೂರನೆಯದರಲ್ಲಿ ಫೋಮ್ ಒಡೆಯಿತೇ ಹೊರತು ಮರ ಬಿಡಲಿಲ್ಲ. ನೀವು ಇಂಥ ಕೆಲಸ ಮಾಡಿಸುವುದಾದರೆ ಈ ಪರೀಕ್ಷೆ ಬಿಡಬೇಡಿ. ಒಂದು ಕ್ಯಾನಿನ ಖರ್ಚು, ಒಂದು ರಾತ್ರಿಯ ಸಮಯ.

ಎಲ್ಲ ಜಂತೆ, ಹಲಗೆಗಳ ಕೆಳಮೈ ಹೀಗೆ ತಿಕ್ಕಬೇಕಾಯಿತು. ನಮ್ಮ ಬಡಗಿ ಆಚಾರ್ರು ಒಂದು ನೋಟ ನೋಡಿ, "ಎಂತ ಮಾರಾಯ್ರೇ, ಮೇಲಿಂದ ಹಲಗೆ ಬಿಚ್ಚಿ ತಿಕ್ಕಿದ್ರೆ ಆಗ್ತಿರ್ಲಿಲ್ವಾ?" ಅಂದರು. ಹಳೆ ಮೊಳೆ ಕಿತ್ತರೆ ಹಲಸಿನ ಹಲಗೆ ಸೀಳುತ್ತದೆ ಅಂತ ಮೊದಲು ಹೇಳಿದ್ದೂ ಅವರೇ. ಧರೆ ಕಡೆಯ ಕೊನೆ ಮೂರಡಿಗೆ ಗ್ರೈಂಡರ್ ಹಿಡಿದು ಕೈ ಎತ್ತಲು ಜಾಗ ಇಲ್ಲ. ಅಲ್ಲಿ ಕೈಯಲ್ಲೇ ಉಜ್ಜಿದ್ದು. ಕನ್ನಡಕ, ಮಾಸ್ಕ್ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ. ಗೇರೆಣ್ಣೆಯ ಧೂಳು ಮೈಗೆ ತಾಗಿದರೆ ಸುಡುತ್ತದೆ, ಬೊಬ್ಬೆ ಏಳುತ್ತದೆ.

ತಿಕ್ಕಿದ ಮೇಲೆ ಬೊರಾಕ್ಸ್ ಮತ್ತು ಬೋರಿಕ್ ಆಸಿಡ್ ಬಿಸಿನೀರಿನಲ್ಲಿ ಕರಗಿಸಿ ಬಳಿದೆ. ಇದು ಗೆದ್ದಲಿಗೆ, ಬೂಷ್ಟಿಗೆ ನೀರಿನಲ್ಲಿ ಕರಗಿಸಿ ಬಳಿಯುವ ಮದ್ದು, ಒಣಗಿದ ಮೇಲೆ ಫೋಮಿಗೆ ತೊಂದರೆ ಮಾಡುವುದಿಲ್ಲ. ಎಣ್ಣೆ ಆಧಾರದ ಮದ್ದು ಬಳಿದಿದ್ದರೆ ತಿಕ್ಕಿದ್ದೆಲ್ಲ ನೀರುಪಾಲು. ಕೋಣೆಯ ಪ್ಲಗ್ಗಿಗೆ ಹೋಗುವ ವೈರ್ ಜಂತೆಗೆ ನೇತಾಡುತ್ತಿತ್ತು. ಅದನ್ನು ಪೈಪಿಗೆ ಹಾಕಿಸಿ ಫೋಮಿನಿಂದ ಹೊರಗೇ ಓಡಿಸಿದೆ. ಫೋಮಿನೊಳಗೆ ಹುಗಿದ ವೈರಿಗೆ ಬಿಸಿ ಬಿಡಲು ದಾರಿ ಇರುವುದಿಲ್ಲ, ಕೆಟ್ಟರೆ ಹುಡುಕಲೂ ಆಗುವುದಿಲ್ಲ.

ಮಾರ್ಚ್ ಕೊನೆಗೆ ಮೀಟರ್ 13, 14 ತೋರಿಸಿತು. ಮರದ ತೇವ 19ರ ಮೇಲಿದ್ದರೆ ಫೋಮ್ ಹೊಡೆಯಬಾರದು. ಮಲೆನಾಡಿನಲ್ಲಿ ಆ ಲೆಕ್ಕಕ್ಕೆ ಸಿಗುವುದು ಫೆಬ್ರವರಿಯಿಂದ ಏಪ್ರಿಲ್ ನಡುವೆ ಮಾತ್ರ. ಅಶ್ವಿನಿ, ಭರಣಿ ಮಳೆ ಶುರುವಾದರೆ ಮತ್ತೆ ಮುಂದಿನ ವರ್ಷವೇ.

ಏಪ್ರಿಲ್: ಫೋಮ್ ಹೊಡೆಯುವವರು

192 ಚದರಡಿ ಕೆಲಸಕ್ಕೆ ಯಾರೂ ಸುಲಭಕ್ಕೆ ಬರುವುದಿಲ್ಲ. ಅವರು ಹೊಡೆಯುವುದು ಕೋಲ್ಡ್ ಸ್ಟೋರೇಜಿಗೆ, ಫ್ಯಾಕ್ಟರಿ ಶೀಟಿಗೆ. ಒಬ್ಬರು ಜಾಗ ಎಷ್ಟು ಅಂತ ಕೇಳಿ ಫೋನೇ ಇಟ್ಟರು. ಇನ್ನೊಬ್ಬರು ಶಿವಮೊಗ್ಗ ಕಡೆ ದೊಡ್ಡ ಕೆಲಸಕ್ಕೆ ಬರುವವರಿದ್ದರು. ಅದು ಮುಗಿಸಿ ಹೋಗುವಾಗ ಬರುತ್ತೇವೆ, ಒಟ್ಟು 42,000 ಅಂದರು. ಚದರಡಿಗೆ 219 ರೂಪಾಯಿ ಬಿತ್ತು. ಜಾಸ್ತಿಯೇ. ಆದರೆ ಚಿಕ್ಕ ಕೆಲಸಕ್ಕೆ ಗಾಡಿ ಬಾಡಿಗೆ, ಮಷಿನ್ ತೊಳೆಯುವುದು ಎಲ್ಲ ಸೇರುತ್ತದೆ. ಊರಲ್ಲಿ ಇನ್ನೊಬ್ಬರ ಕೆಲಸ ಜೊತೆಗೆ ಸೇರಿಸಿದ್ದರೆ ಕಡಿಮೆಯಾಗುತ್ತಿತ್ತು.

ಅವರ ಮಷಿನಿಗೆ ತ್ರೀ ಫೇಸ್ ಬೇಕು. ನಮ್ಮ ತೋಟದ ಪಂಪಿಗೆ ತ್ರೀ ಫೇಸ್ ಇದೆ, ಆದರೆ ಯಾವಾಗ ಬರುತ್ತೆ, ಯಾವಾಗ ಹೋಗುತ್ತೆ ಹೇಳುವಂತಿಲ್ಲ. ನಡುವೆ ಕರೆಂಟ್ ಹೋದರೆ ಹೋಸ್ ತಣ್ಣಗಾಗಿ ಫೋಮ್ ಕೆಡುತ್ತದೆ. ಶಾಮಿಯಾನದವರಿಂದ 15 ಕೆವಿಎ ಜನರೇಟರ್ ಬಾಡಿಗೆಗೆ ತಂದೆ, ಡೀಸೆಲ್ ಸೇರಿ 6,300.

ಅಪ್ಪಯ್ಯನನ್ನು ಸಾಗರದ ಅಕ್ಕನ ಮನೆಗೆ ಕಳಿಸಿದ್ದೆ. ಇದು ಉಪಚಾರಕ್ಕೆ ಹೇಳುವ ಮಾತಲ್ಲ. ಫೋಮ್ ಆಗುವುದು ಎರಡು ಡ್ರಮ್ಮಿನ ದ್ರವ ಕೂಡಿ. ಒಂದರಲ್ಲಿ ಪಾಲಿಯೋಲ್, ಇನ್ನೊಂದರಲ್ಲಿ ಐಸೋಸೈನೇಟ್. ಈ ಐಸೋಸೈನೇಟಿನ ಆವಿ ಉಸಿರಿಗೆ ಹೋದರೆ ಆಸ್ತಮಾ ಬರಬಹುದು, ಇರುವವರಿಗೆ ಕೆರಳಬಹುದು. ಹೊಡೆಯುವವನಿಗೆ ಹೊರಗಿನ ಗಾಳಿ ಬರುವ ಪೂರ್ತಿ ಮುಖದ ಮಾಸ್ಕ್ ಬೇಕು. ಬಂದ ಹುಡುಗರಲ್ಲಿ ಒಬ್ಬ ಟವಲ್ ಕಟ್ಟಿಕೊಂಡು ಒಳಗೆ ಹೊರಟಿದ್ದ. ಮಾಸ್ಕ್ ಇಲ್ಲದವರು ಒಳಗೆ ಹೋಗುವುದು ಬೇಡ ಅಂತ ಅಲ್ಲೇ ನಿಲ್ಲಿಸಿದೆ. ಕನಿಷ್ಠ 24 ಗಂಟೆ ಯಾರೂ ಆ ಕೋಣೆಗೆ ಹೋಗಬಾರದು. ನಾವು ಒಂದು ವಾರ ಬಿಟ್ಟೆವು.

ಹೊಡೆಯುವ ಮುಂಚೆ ಕೋಣೆಯೊಳಗಿನಿಂದ ಹಲಗೆ ಸಂದಿಗಳಿಗೆ ಟೇಪ್ ಹಾಕಬೇಕು. ಇಲ್ಲದಿದ್ದರೆ ಫೋಮ್ ಮೇಲೆ ಉಕ್ಕುತ್ತದೆ. ಪ್ರತಿ ಕಂಬದ ತಲೆಯಲ್ಲಿ ಮೂರಿಂಚು ಪಟ್ಟಿ ಪ್ಲಾಸ್ಟಿಕ್ ಸುತ್ತಿ ಬರಿದಾಗಿ ಉಳಿಸಿದೆ. ಹೊಡೆಯುವವನಿಗೆ ಇದು ಇಷ್ಟವಾಗಲಿಲ್ಲ. "ಗ್ಯಾಪ್ ಯಾಕೆ ಸರ್, ಫುಲ್ ಕವರ್ ಮಾಡ್ಬಿಡ್ತೀನಿ" ಅಂದ. ಗೆದ್ದಲು ಫೋಮನ್ನು ತಿನ್ನುವುದಿಲ್ಲ, ಕೊರೆದುಕೊಂಡು ಹೋಗುತ್ತದೆ. ಪೂರ್ತಿ ಮುಚ್ಚಿದರೆ ಅದು ಕಂಬದಿಂದ ಜಂತೆಗೆ ಹತ್ತಿದ್ದು ಯಾರಿಗೂ ಕಾಣುವುದಿಲ್ಲ.

ಹೋಸನ್ನು 50 ಡಿಗ್ರಿಗೆ ಬಿಸಿ ಮಾಡಿ, ಎರಡೂ ದ್ರವ ಸಮಪಾಲಿನಲ್ಲಿ ಗನ್ನಿನ ಬಾಯಲ್ಲಿ ಕೂಡುತ್ತವೆ. ಮೊದಲು ಹೊರಗೆ ರಟ್ಟಿನ ಮೇಲೆ ಹೊಡೆಸಿದೆ. ತೆಳ್ಳಗೆ ಹಳದಿಯಾಗಿ ಬಿದ್ದದ್ದು ನೋಡುತ್ತಿದ್ದ ಹಾಗೇ ಉಬ್ಬಿ, ಒಂದೆರಡು ನಿಮಿಷದಲ್ಲಿ ಬೆರಳಿಗೆ ಗಟ್ಟಿ. ಒಂದು ಸಲಕ್ಕೆ 25 ಮಿಮೀ, ಇಪ್ಪತ್ತು ನಿಮಿಷ ಬಿಟ್ಟು ಇನ್ನೊಂದು 25 ಅಂತ ಮಾತಾಗಿತ್ತು. ಒಂದೇ ಸಲಕ್ಕೆ ದಪ್ಪ ಹೊಡೆದರೆ ಒಳಗಿನ ಬಿಸಿಗೆ ನಡುವೆ ಕಂದಾಗುತ್ತದೆ, ಬಿರುಕು ಬಿಡುತ್ತದೆ, ಬೆಂಕಿಯ ಅಪಾಯವೂ ಇದೆ.

ಎರಡನೆಯ ಪದರ ಶುರುವಾದಾಗ ತೋಟದ ಕಡೆಯ ಎರಡು ಜಂತೆ ನಡುವೆ ಮೀನಿನ ವಾಸನೆ ಬಂತು. ಬೆರಳಲ್ಲಿ ಒತ್ತಿದರೆ ಮೆತ್ತಗೆ, ಅಂಟಂಟು. ಪಾಲು ತಪ್ಪಿದ್ದಕ್ಕೆ ಇದೇ ಗುರುತು. ಪಾಲಿಯೋಲ್ ಜಾಸ್ತಿಯಾದರೆ ಹೀಗೆ, ಐಸೋಸೈನೇಟ್ ಜಾಸ್ತಿಯಾದರೆ ಗಾಜಿನ ಹಾಗೆ ಪುಡಿ ಒಡೆಯುತ್ತದೆ. ನಾಳೆ ಸರಿಹೋಗುತ್ತದೆ ಅಂದರು. ಇಂಥದ್ದು ನಾಳೆಗೂ ಸರಿಯಾಗುವುದಿಲ್ಲ, ವಾಸನೆ ತಿಂಗಳುಗಟ್ಟಲೆ ಉಳಿಯುತ್ತದೆ. ಎರಡಡಿಗೆ ಮೂರಡಿ ಜಾಗವನ್ನು ಗರಗಸದ ಪಟ್ಟಿಯಲ್ಲಿ ಮರದ ತನಕ ಕೆರೆಸಿ ಮತ್ತೆ ಹೊಡೆಸಿದೆ. ಒಂದು ಫಿಲ್ಟರಿನಲ್ಲಿ ಕಸ ಕಟ್ಟಿತ್ತು.

ಕೊನೆಗೆ ದಪ್ಪ ನೋಡಲು ಸೈಕಲ್ ಕಡ್ಡಿಗೆ 50 ಮಿಮೀಗೆ ಗೆರೆ ಹಾಕಿಕೊಂಡು ಚುಚ್ಚುತ್ತಾ ಹೋದೆ. ತೋಟದ ಕಡೆ 50ರಿಂದ 60. ನಡುವೆ 45ರಿಂದ 55. ಧರೆ ಕಡೆ 15, 20, ಎರಡು ಕಡೆ ಕಡ್ಡಿ ಪೊಳ್ಳಿಗೆ ಇಳಿದು ಸೀದಾ ಮರಕ್ಕೆ ತಾಗಿತು. ಗನ್ ಹಿಡಿಯಲು ಒಂದೂವರೆ ಅಡಿಯಾದರೂ ದೂರ ಬೇಕು. ಅಲ್ಲಿ ಇದ್ದದ್ದೇ 16 ಇಂಚು, ಅದರಲ್ಲಿ ಜಂತೆಗೆ ಐದಿಂಚು ಹೋಯಿತು. ಓರೆಯಲ್ಲಿ ಹೊಡೆದದ್ದು ಜಂತೆಯ ಒಂದೇ ಮಗ್ಗುಲಿಗೆ ಗುಡ್ಡೆಯಾಗಿತ್ತು. ಸಿಕ್ಕಷ್ಟು ಸಂದಿಗೆ ಕ್ಯಾನ್ ಫೋಮ್ ತುಂಬಿ ಬಿಟ್ಟೆ.

ಮೇ: ಬೆಂಕಿ, ಇಲಿ

ಇದು ಪಾಲಿಯುರೆಥೇನ್ ಫೋಮ್, ಉರಿಯುತ್ತದೆ, ಹೊಗೆ ವಿಷ. ನಮ್ಮ ಬಚ್ಚಲಿನ ಹಂಡೆ ಒಲೆ ಎಂಟಡಿ ದೂರದಲ್ಲೇ ಇದೆ. ಆ ಬದಿಯ ಮೂರನೇ ಒಂದು ಭಾಗಕ್ಕೆ ಫೋಮಿನ ಕೆಳಗೆ 6 ಮಿಮೀ ಸಿಮೆಂಟ್ ಬೋರ್ಡ್ ಹೊಡೆಸಿದೆ, ಉಳಿದದ್ದಕ್ಕೆ ಬೆಂಕಿ ತಡೆಯುವ ಬಣ್ಣ. ತೋಟದ ಕಡೆ ಬಿಸಿಲು ಬೀಳುವ ಅಂಚಿಗೆ ಬಣ್ಣ ಬೇಕೇ ಬೇಕು, ಬಿಸಿಲಿಗೆ ಫೋಮ್ ಕಂದಾಗಿ ಪುಡಿ ಉದುರುತ್ತದೆ. ಇನ್ನು ಅಡಿಯಲ್ಲಿ ಸೌದೆ ಇಡುವಂತಿಲ್ಲ. ಇದಕ್ಕೆ ಮನೆಯಲ್ಲಿ ಆದ ಚರ್ಚೆ ಫೋಮಿನ ಖರ್ಚಿಗೂ ಆಗಿರಲಿಲ್ಲ.

ಸುತ್ತ ಅರ್ಧ ಇಂಚು ಕಣ್ಣಿನ ಜಿಐ ಜಾಲರಿ, ಬುಡ ಆರಿಂಚು ಮಣ್ಣೊಳಗೆ. ಹೆಗ್ಗಣ ಫೋಮ್ ಕೆರೆದು ಗೂಡು ಮಾಡುತ್ತದೆ. ತೋಟದ ಕಡೆ ಎರಡಡಿ ಅಗಲದ ಬಾಗಿಲು ಇಟ್ಟಿದ್ದೇನೆ, ಒಳಗೆ ಹೋಗಿ ನೋಡಲು.

ಖರ್ಚು

ಮೀಟರ್: 1,150
ಕ್ಯಾನ್ ಫೋಮ್, ಗನ್, ಕ್ಲೀನರ್: 3,220
ಬಸಿಗಾಲುವೆ ಸಾಮಾನು: 9,800
ಬಸಿಗಾಲುವೆ ಕೂಲಿ: 7,200
ಸೂರಿನ ದೋಣಿ: 6,400
ಪ್ಲಾಸ್ಟಿಕ್ ಹಾಳೆ, ಟೇಪ್: 3,600
ಮರ ತಿಕ್ಕಿದ್ದು, ಬೊರಾಕ್ಸ್, ವೈರ್ ಪೈಪ್: 8,500
ಫೋಮ್: 42,000
ಜನರೇಟರ್, ಡೀಸೆಲ್: 6,300
ಸಿಮೆಂಟ್ ಬೋರ್ಡ್, ಬಣ್ಣ, ಜಾಲರಿ: 11,700
ಒಟ್ಟು: 99,870 ರೂಪಾಯಿ

ಕೈ ಬಿಗಿ ಇದ್ದರೆ ಬಸಿಗಾಲುವೆ, ದೋಣಿ, ಹಾಳೆ ಇಷ್ಟೇ ಮಾಡಿ ಒಂದು ಮಳೆಗಾಲ ನೋಡಿ ಅಂತ ಹೇಳುತ್ತೇನೆ. ನಮಗೆ ಅಷ್ಟು 27,000ದಲ್ಲಿ ಮುಗಿದಿತ್ತು. ನನ್ನ ಅಂದಾಜಿನಲ್ಲಿ ಅರ್ಧಕ್ಕಿಂತ ಜಾಸ್ತಿ ಗುಣ ಅದರಿಂದಲೇ ಬಂದದ್ದು. ಎರಡನ್ನೂ ಒಂದೇ ಬೇಸಿಗೆಯಲ್ಲಿ ಮಾಡಿದ್ದರಿಂದ ಬೇರೆ ಬೇರೆ ಮಾಡಿ ತೋರಿಸಲು ನನ್ನ ಹತ್ತಿರ ಅಂಕಿ ಇಲ್ಲ.

ಆಶ್ಲೇಷ ಮಳೆ: ಮತ್ತೆ ಅಳತೆ

ಆಗಸ್ಟ್ ಮೊದಲ ವಾರ, ಜಡಿಮಳೆ ಹಿಡಿದು ಬಿಡದಿದ್ದಾಗ, ಅದೇ ಗುರುತುಗಳಿಗೆ ಚುಚ್ಚಿದೆ. ನಡುವೆ 17. ತೋಟದ ಕಡೆ 16. ಮಂಚದ ಕೆಳಗೆ 18. ಧರೆ ಕಡೆ, ಫೋಮ್ ತೆಳ್ಳಗಿರುವಲ್ಲಿ, 21. ಅಡಿಯ ಹಾಳೆ ಮೇಲೆ ನೀರಿಲ್ಲ, ಬಸಿಗಾಲುವೆ ಪೈಪಿನ ಬಾಯಲ್ಲಿ ಹೆಬ್ಬೆರಳು ದಪ್ಪಕ್ಕೆ ನೀರು ಹೋಗುತ್ತಲೇ ಇತ್ತು. ಚಾಪೆಗೆ ಬೂಷ್ಟು ಹಿಡಿಯಲಿಲ್ಲ. ಹಲಗೆ ಕಿರುಗುಟ್ಟುವುದು ನಿಂತಿದೆ, ಗಟ್ಟಿ ಫೋಮ್ ಜಂತೆ ಹಲಗೆ ಎರಡನ್ನೂ ಹಿಡಿದಿಟ್ಟಿದೆ.

ಕೋಣೆ ಬೆಚ್ಚಗಾಯಿತಾ ಅಂತ ಎಲ್ಲರೂ ಕೇಳುತ್ತಾರೆ. ಗೋಡೆ, ಮಾಡು ಹಳೆಯದೇ ಇದ್ದ ಮೇಲೆ ಥರ್ಮಾಮೀಟರಿನಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇಲ್ಲ. ಸಂದಿಯ ಗಾಳಿ ನಿಂತಿದೆ, ಬರಿಗಾಲಿಗೆ ಹಲಗೆ ಮೊದಲಿನಷ್ಟು ತಣ್ಣಗಿಲ್ಲ. ಅಪ್ಪಯ್ಯ ಕಾಲುಚೀಲ ಬಿಟ್ಟಿದ್ದಾರೆ. "ಲಕ್ಷ ಕೊಟ್ಟು ಕಾಲುಚೀಲ ಉಳಿಸಿದೆ ನೋಡು" ಅಂತ ಬಂದವರಿಗೆಲ್ಲ ಹೇಳುತ್ತಾರೆ.

ಒಂದು ಜಾಗ ಕೆಟ್ಟಿದೆ. ಬಚ್ಚಲ ಕಡೆಯ ಬಾಗಿಲ ಬಳಿ 24, ಮೊದಲಿಗಿಂತ ಜಾಸ್ತಿ. ಒದ್ದೆ ಕಾಲಿನಲ್ಲಿ ಬರುವುದು, ಬಕೆಟ್ ನೀರಿನಲ್ಲಿ ನೆಲ ಒರೆಸುವುದು ಮೊದಲೂ ಇತ್ತು. ಆಗ ಹಲಗೆ ಕೆಳಗಿನಿಂದಲೂ ಅಷ್ಟಿಷ್ಟು ಒಣಗುತ್ತಿತ್ತು, ಈಗ ಕೆಳಮೈ ಮುಚ್ಚಿದೆ. ಮೇಲಿಂದ ಬಿದ್ದ ನೀರು ಮೇಲಿಂದಲೇ ಒಣಗಬೇಕು. ಅಲ್ಲಿ ದಪ್ಪ ಕಾಲೊರಸು ಹಾಕಿ, ಹಿಂಡಿದ ಬಟ್ಟೆಯಲ್ಲಿ ಮಾತ್ರ ಒರೆಸುವುದು ಅಂತ ಮಾಡಿದ ಮೇಲೆ ಸೆಪ್ಟೆಂಬರಿಗೆ 20ಕ್ಕೆ ಇಳಿದಿದೆ. ಹಂಚು ಸೋರುವ ಮನೆಯಾದರೆ ಮೊದಲು ಹಂಚು ಕೈಯಾಡಿಸಿ, ಆಮೇಲೆ ಫೋಮಿನ ಮಾತು.

ಅಕ್ಟೋಬರಿನಲ್ಲಿ ಬಾಗಿಲು ತೆಗೆದು ನೋಡಿದಾಗ ತೋಟದ ಕಡೆಯ ಮೂಲೆ ಕಂಬದ ಬರಿದು ಪಟ್ಟಿಯಲ್ಲಿ ಬೆರಳಗಲದ ಮಣ್ಣಿನ ಗೆರೆ ಹತ್ತಿತ್ತು, ಜಂತೆಗೆ ಇನ್ನೂ ಒಂದಿಂಚು ಬಾಕಿ. ಕೆರೆದು ಮದ್ದು ಹಾಕಿಸಿದೆ. ಈಗ ತಿಂಗಳಿಗೊಮ್ಮೆ ಟಾರ್ಚ್ ಹಿಡಿದು ಎಲ್ಲ ಕಂಬ ನೋಡುತ್ತೇನೆ.

ಬಾಕಿ ಇರುವುದು ಧರೆ ಕಡೆಯ ಮೂರಡಿ. ಅಲ್ಲಿಯ ನಾಲ್ಕು ಹಲಗೆಯನ್ನು ಮೇಲಿಂದಲೇ ಬಿಚ್ಚಿ, ಪೊಳ್ಳು ಫೋಮ್ ಕಿತ್ತು, ಜಂತೆ ನಡುವೆ 50 ಮಿಮೀ ಗಟ್ಟಿ ಎಕ್ಸ್‌ಪಿಎಸ್ (ಒತ್ತಿ ಮಾಡಿದ ಪಾಲಿಸ್ಟೈರೀನ್ ಫೋಮ್) ಹಾಳೆ ಕೂರಿಸಿ ಅಂಚಿಗೆ ಕ್ಯಾನ್ ಫೋಮ್ ತುಂಬಬೇಕು. ಮೊಳೆ ಬದಲು ಸ್ಕ್ರೂ ಹಾಕಿದರೆ ಮುಂದೆಯೂ ಬಿಚ್ಚಬಹುದು. ಸೀಳಿದ ಹಲಗೆಗೆ ಬದಲಿ ಅಂತ ಹಲಸಿನ ಎರಡು ಹಲಗೆ ಕೊಯ್ಸಿ ಅಟ್ಟದಲ್ಲಿ ಒಣಗಲು ಇಟ್ಟಿದ್ದೇನೆ. ಆಚಾರ್ರಿಗೆ ಹೇಳಿದ್ದಾಗಿದೆ. ಅಡಿಕೆ ಸುಲಿತ ಮುಗಿದ ಮೇಲೆ ಬರುತ್ತಾರಂತೆ.